ಆ 96 ಮೀನುಗಳು

ಪ್ರಶ್ನೆ: ಮೇಡಂ, ನಾವು ಗದಗಿನ ಕಡೆಯವರು. ಪುಣೆಯ ಚಿಂಚವಾಡಕ್ಕೆ ಬಂದು 20 ವರ್ಷ ದಾಟಿತು. ಮಗಳು ಎಂ.ಎಸ್ಸಿ. ಮುಗಿಸಿ ಊರ ಹೊರಗಿನ ಒಂದು ಪರೀಕ್ಷಾಲಯದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಬೆಳೆಗೆ ಹೊಡೆಯುವ ಔಷಧಿ ನೀರಿಗಿಳಿದರೆ ಮೀನಿನ ಹಾರ್ಮೋನು ಕೆಡುತ್ತದೆಯೇ ಎಂದು ನೋಡುವ ಕೆಲಸವಂತೆ. ಒಂದು ಪರೀಕ್ಷೆಗೆ ನೂರರ ಹತ್ತಿರ ಮೀನು, ಕೊನೆಯ ದಿನ ಅಷ್ಟನ್ನೂ ಕೊಲ್ಲುತ್ತಾರೆ. ಆ ದಿನ ಅವಳು ಮನೆಗೆ ಬಂದು ಊಟ ಮುಟ್ಟುವುದಿಲ್ಲ. "ಅವ್ವಾ, ಇದನ್ನ ಕಂಪ್ಯೂಟರಿನಾಗ ನೋಡಾಕ ಬರೂದಿಲ್ಲೇನು?" ಎಂದು ನನ್ನನ್ನೇ ಕೇಳುತ್ತಾಳೆ. ನಾನು ಏನು ಹೇಳಲಿ? ಕೆಲಸ ಬಿಡು ಎನ್ನಲೇ?

ಉತ್ತರ: ಮಗಳು ಹೇಳಿದ ಲೆಕ್ಕ ಸರಿಯಾಗಿದೆ. ಅವಳು ಮಾಡುತ್ತಿರುವುದು ಬಹುಶಃ 21 ದಿನಗಳ ಮೀನಿನ ಸಂತಾನ ಪರೀಕ್ಷೆ. ಫ್ಯಾಟ್‌ಹೆಡ್ ಮಿನೋ ಎಂಬ ಬೆರಳುದ್ದದ ಅಮೆರಿಕದ ಮೀನಿನಲ್ಲಿ ಮಾಡಿದರೆ ಕನಿಷ್ಠ 4 ಗುಂಪು ಬೇಕು: ಒಂದಕ್ಕೆ ಬರಿಯ ನೀರು, ಉಳಿದ ಮೂರಕ್ಕೆ ಮೂರು ಪ್ರಮಾಣದ ರಾಸಾಯನಿಕ. ಗುಂಪಿಗೆ 4 ತೊಟ್ಟಿ, ತೊಟ್ಟಿಗೆ 2 ಗಂಡು, 4 ಹೆಣ್ಣು. ಕೂಡಿಸಿದರೆ 96. ದಿನಾ ಬೆಳಿಗ್ಗೆ ಮೊಟ್ಟೆ ಎಣಿಸುತ್ತಾರೆ. ಕೊನೆಯ ದಿನ ಮೀನುಗಳಿಗೆ ಅರಿವು ತಪ್ಪಿಸಿ ರಕ್ತ ತೆಗೆದು, ವೃಷಣ ಮತ್ತು ಅಂಡಾಶಯಗಳನ್ನು ಸೂಕ್ಷ್ಮದರ್ಶಕದಡಿ ಇಡುತ್ತಾರೆ.

ರಕ್ತದಲ್ಲಿ ಹುಡುಕುವುದು ವೈಟೆಲೊಜೆನಿನ್ ಎಂಬ ಪ್ರೋಟೀನನ್ನು. ಮೊಟ್ಟೆಯ ಹಳದಿಗೆ ಬೇಕಾದ ಸಾಮಗ್ರಿ ಅದು. ಹೆಣ್ಣು ಮೀನಿನ ಯಕೃತ್ತು ಈಸ್ಟ್ರೋಜನ್ ಹಾರ್ಮೋನಿನ ಆಜ್ಞೆಯಂತೆ ಅದನ್ನು ತಯಾರಿಸಿ ರಕ್ತದ ಮೂಲಕ ಅಂಡಾಶಯಕ್ಕೆ ಕಳಿಸುತ್ತದೆ. ಗಂಡು ಮೀನಿನ ಯಕೃತ್ತಿನಲ್ಲೂ ಅದರ ಜೀನ್ ಇದೆ, ಆದರೆ ಆಜ್ಞೆ ಕೊಡುವವರಿಲ್ಲದೆ ಸುಮ್ಮನಿರುತ್ತದೆ. ಹಾಗಾಗಿ ಗಂಡಿನ ರಕ್ತದಲ್ಲಿ ಈ ಪ್ರೋಟೀನು ತುಂಬಿಕೊಂಡಿದ್ದರೆ ನೀರಿನಲ್ಲಿರುವ ಯಾವುದೋ ವಸ್ತು ಹೆಣ್ಣಿನ ಹಾರ್ಮೋನಿನ ಸೋಗು ಹಾಕಿದೆ ಎಂದು ತಿಳಿಯಬೇಕು. 30 ವರ್ಷ ಈ ಕೆಲಸ ಮಾಡಿದ್ದೇನೆ. ಗಂಡು ಮೀನಿನ ರಕ್ತದ ಮಾದರಿಯಲ್ಲಿ ಈ ಪ್ರೋಟೀನು ಇದೆ ಎಂದು ತೋರಿಸುವ ಬಣ್ಣ ಮೇಲೇರುವುದನ್ನು ಮೊದಲ ಸಲ ಕಂಡ ದಿನ ನನಗೂ ಊಟ ಸೇರಿರಲಿಲ್ಲ.

ಇದನ್ನೆಲ್ಲ ಯಾಕೆ ಮಾಡಬೇಕು ಎಂಬುದನ್ನು ನಾನಿರುವ ಜಾಗದಿಂದಲೇ ಹೇಳುತ್ತೇನೆ. ನನ್ನ ತವರು ಅಂಕೋಲಾ, ಮನೆ ವಾಸ್ಕೋದಲ್ಲಿ. ನೀರಿಳಿದ ಹೊತ್ತಿನಲ್ಲಿ ಮರ್ಮಗೋವಾ ಬಂದರಿನ ಸುತ್ತಲಿನ ಬಂಡೆಗಳ ಮೇಲೆ ಹೆಬ್ಬೆರಳಿನುಗುರಿಗಿಂತ ಸ್ವಲ್ಪ ದೊಡ್ಡದಾದ ಶಂಖದ ಹುಳುಗಳು ಕಾಣುತ್ತವೆ. ಹಡಗಿನ ತಳಕ್ಕೆ ಚಿಪ್ಪಿನ ಜೀವಿಗಳು ಅಂಟಿಕೊಂಡರೆ ವೇಗ ಕುಗ್ಗಿ ಎಣ್ಣೆ ಹೆಚ್ಚು ಉರಿಯುತ್ತದೆ. ಅದಕ್ಕೆಂದು ಟ್ರೈಬ್ಯೂಟೈಲ್‌ಟಿನ್ ಎಂಬ ತವರದ ಸಂಯುಕ್ತ ಬೆರೆಸಿದ ಬಣ್ಣವನ್ನು ಜಗತ್ತಿನಾದ್ಯಂತ ಬಳಿಯುತ್ತಿದ್ದರು. ಬಣ್ಣ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಆದರೆ ಬಂದರುಗಳ ಆಸುಪಾಸಿನ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಜನನಾಂಗ ಮೂಡತೊಡಗಿತು. ಇದಕ್ಕೆ ಇಂಪೋಸೆಕ್ಸ್ ಎನ್ನುತ್ತಾರೆ. ಕೆಲವು ಜಾತಿಗಳಲ್ಲಿ ಮೊಟ್ಟೆ ಹೊರಬರುವ ದಾರಿಯೇ ಮುಚ್ಚಿಹೋಯಿತು. ಇಂಗ್ಲೆಂಡಿನ ದಕ್ಷಿಣ ತೀರದ ಎಷ್ಟೋ ಕಡೆ ಡಾಗ್‌ವೆಲ್ಕ್ ಎಂಬ ಶಂಖದ ಹುಳು ಇಲ್ಲವಾಯಿತು. ಫ್ರಾನ್ಸಿನ ಆರ್ಕಾಶೋನ್ ಕೊಲ್ಲಿಯಲ್ಲಿ ಸಿಂಪಿ ಸಾಕುವವರು ಸೊಟ್ಟಗೆ ಬೆಳೆದ ಚಿಪ್ಪುಗಳನ್ನು ಮಾರಲಾಗದೆ ಕೂತರು. 1982ರಲ್ಲಿ ಆ ದೇಶ ಸಣ್ಣ ದೋಣಿಗಳಿಗೆ ಈ ಬಣ್ಣ ಬಳಿಯುವುದನ್ನು ನಿಷೇಧಿಸಿತು. ನಮ್ಮ ದೋನಾ ಪಾವ್ಲದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಇದೇ ಮರ್ಮಗೋವಾದ ಕ್ರೋನಿಯಾ ಕೊಂಕಣೆನ್ಸಿಸ್ ಎಂಬ ಹುಳುವಿನಲ್ಲಿ ಇಂಪೋಸೆಕ್ಸ್ ಕಂಡು 1999ರಲ್ಲಿ ಪ್ರಕಟಿಸಿದರು. ಹುಳುವಿನ ಹೆಸರಿನಲ್ಲೇ ಕೊಂಕಣವಿದೆ! ಈ ಬಣ್ಣವನ್ನು ತಡೆಯುವ ಅಂತಾರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಯಿತು, ಜಾರಿಗೆ ಬಂದದ್ದು 2008ರಲ್ಲಿ.

ಆ ಹುಳುಗಳು ವಿಷ ತಗಲಿ ಪಟಪಟನೆ ಸಾಯಲಿಲ್ಲ ಎಂಬುದನ್ನು ಗಮನಿಸಿ. ಒಂದು ಲೀಟರ್ ನೀರಿನಲ್ಲಿ ಒಂದೆರಡು ನ್ಯಾನೊಗ್ರಾಮ್, ಎಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದೆರಡು ಪಾಲು, ಇಷ್ಟೇ ಸಾಕಾಗಿತ್ತು. ನಾಲ್ಕು ದಿನದಲ್ಲಿ ಎಷ್ಟು ಸತ್ತವು ಎಂದು ಎಣಿಸುವ ಹಳೆಯ ಪರೀಕ್ಷೆಗೆ ಇದು ಕಾಣುವುದೇ ಇಲ್ಲ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಸಂಶೋಧನೆಗೆಂದೇ ಮೀಸಲಿಟ್ಟ ಕೆರೆಗಳಿವೆ. ಅವುಗಳಲ್ಲಿ 260ನೇ ನಂಬರಿನ ಕೆರೆಗೆ 2001ರಿಂದ ಮೂರು ಬೇಸಿಗೆ, ಗರ್ಭನಿರೋಧಕ ಗುಳಿಗೆಯಲ್ಲಿರುವ ಈಸ್ಟ್ರೋಜನ್ನನ್ನು ಲೀಟರಿಗೆ 5–6 ನ್ಯಾನೊಗ್ರಾಮಿನಂತೆ ಬೆರೆಸಿದರು. ಗಂಡು ಮಿನೋಗಳಲ್ಲಿ ವೈಟೆಲೊಜೆನಿನ್ ತುಂಬಿತು, ವೃಷಣದಲ್ಲಿ ಮೊಟ್ಟೆಯ ಕೋಶಗಳು ಕಾಣಿಸಿದವು, ಮರಿಗಳೇ ಬರದೆ ಆ ಮೀನಿನ ಸಂಖ್ಯೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಬೆರೆಸುವುದನ್ನು ನಿಲ್ಲಿಸಿ ಕೆಲವು ವರ್ಷಗಳಾದ ಮೇಲೆ ಮೀನು ಮರಳಿತು. ಅಲ್ಲಿ ನಿಲ್ಲಿಸುವವರು ಇದ್ದರು. ಮುಳಾ–ಮುಠಾ ನದಿಗೋ ಠಾಣೆ ಖಾಡಿಗೋ ಹಾಗೆ ಲೆಕ್ಕವಿಟ್ಟು ಬೆರೆಸುವವರೂ ಇಲ್ಲ, ಬೇಕೆಂದಾಗ ನಿಲ್ಲಿಸುವವರೂ ಇಲ್ಲ. ಪರೀಕ್ಷಿಸದೆ ಮಾರುಕಟ್ಟೆಗೆ ಬಿಟ್ಟ ರಾಸಾಯನಿಕದ ಪರೀಕ್ಷೆ ನದಿಯಲ್ಲಿ ನಡೆಯುತ್ತದೆ. ಅಲ್ಲಿ 96ರ ಮಿತಿ ಎಂಬುದಿಲ್ಲ.

ಈಗ ಮಗಳ ಪ್ರಶ್ನೆಗೆ ಬರುತ್ತೇನೆ. ಕಂಪ್ಯೂಟರಿನಲ್ಲಿ, ಜೀವಕೋಶದಲ್ಲಿ ನೋಡಲು ಬರುತ್ತದೆಯೇ? ಬರುತ್ತದೆ, ಬಹಳಷ್ಟು ಬರುತ್ತದೆ. ಅವಳು ಕೇಳಿದ್ದು ಮುಗ್ಧ ಪ್ರಶ್ನೆಯಲ್ಲ. ಈ ಕ್ಷೇತ್ರ ಇವತ್ತು ಕೇಳಿಕೊಳ್ಳುತ್ತಿರುವುದೂ ಅದನ್ನೇ.

ಹಾರ್ಮೋನು ಕೆಲಸ ಮಾಡುವುದು ಜೀವಕೋಶದಲ್ಲಿ ತನಗೆಂದೇ ಇರುವ ರಿಸೆಪ್ಟರ್ ಎಂಬ ಪ್ರೋಟೀನಿನಲ್ಲಿ ಹೋಗಿ ಕೂತಾಗ. ಒಂದು ರಾಸಾಯನಿಕ ಈಸ್ಟ್ರೋಜನ್ನಿನ ರಿಸೆಪ್ಟರಿನಲ್ಲಿ ಕೂರುತ್ತದೆಯೇ ಎಂದು ನೋಡಲು ಮೀನು ಬೇಕಿಲ್ಲ. ತಟ್ಟೆಯಲ್ಲಿ ಬೆಳೆಸಿದ ಕೋಶಗಳು ಸಾಕು. ರಾಸಾಯನಿಕ ಕೂತು ಜೀನನ್ನು ಎಬ್ಬಿಸಿದರೆ ಬೆಳಕು ಹೊಮ್ಮುವಂತೆ ಅವನ್ನು ಮೊದಲೇ ಸಜ್ಜುಗೊಳಿಸಿರುತ್ತಾರೆ. ಅಮೆರಿಕದ ಪರಿಸರ ಸಂಸ್ಥೆ ಇಂಥ 18 ಕೋಶ ಹಾಗೂ ರಾಸಾಯನಿಕ ಪರೀಕ್ಷೆಗಳ ಫಲಿತಾಂಶವನ್ನು ಒಂದು ಗಣಿತದ ಮಾದರಿಯಲ್ಲಿ ಹೊಸೆದು, ಹೆಣ್ಣಿಲಿಯ ಗರ್ಭಕೋಶ ಊದಿಕೊಳ್ಳುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಸೇರಿದಂತೆ ಮೂರು ಹಳೆಯ ಪರೀಕ್ಷೆಗಳಿಗೆ ಬದಲಾಗಿ 2015ರಲ್ಲಿ ಒಪ್ಪಿಕೊಂಡಿತು. ಹಾರ್ಮೋನಿನ ತಯಾರಿಕೆಗೇ ಅಡ್ಡಿಯಾಗುವ ವಸ್ತುಗಳನ್ನು ಹಿಡಿಯಲು ಎಚ್295ಆರ್ ಎಂಬ ಮಾನವ ಅಡ್ರಿನಲ್ ಗ್ರಂಥಿಯ ಕೋಶಗಳಿವೆ. ಅವು ತಟ್ಟೆಯಲ್ಲೇ ಈಸ್ಟ್ರಡಿಯಾಲ್ ಎಂಬ ಈಸ್ಟ್ರೋಜನ್ನನ್ನೂ ಗಂಡಿನ ಹಾರ್ಮೋನಾದ ಟೆಸ್ಟೋಸ್ಟಿರಾನನ್ನೂ ತಯಾರಿಸುತ್ತವೆ. ರಾಸಾಯನಿಕ ಹಾಕಿದ ಮೇಲೆ ತಯಾರಿ ಏರಿತೇ, ಇಳಿಯಿತೇ ಎಂದು ಅಳೆದರೆ ಮುಗಿಯಿತು. ಮನುಷ್ಯನ ಕೋಶದಲ್ಲಿ ಕಂಡದ್ದು ಮೀನಿಗೆ, ಕಪ್ಪೆಗೆ, ಹಕ್ಕಿಗೆ ಹೊಂದುತ್ತದೆಯೇ ಎಂಬುದಕ್ಕೆ ಆಯಾ ಪ್ರಾಣಿಗಳ ರಿಸೆಪ್ಟರ್ ಪ್ರೋಟೀನಿನ ಅಮೈನೋ ಆಮ್ಲಗಳ ಸಾಲನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಹೋಲಿಸುವ ಉಚಿತ ಸಾಧನವೂ ಇದೆ.

ತುಂಡು ತುಂಡಾಗಿ ಸಿಕ್ಕ ಇಂಥ ಉತ್ತರಗಳನ್ನು ಪೋಣಿಸಿದರೆ ಒಂದು ಸರಪಳಿಯಾಗುತ್ತದೆ. ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟಿರಾನನ್ನು ಈಸ್ಟ್ರಡಿಯಾಲ್ ಆಗಿ ಬದಲಿಸುತ್ತದೆ. ಕೆಲವು ಶಿಲೀಂಧ್ರನಾಶಕಗಳು ಅದನ್ನು ಕಟ್ಟಿಹಾಕುತ್ತವೆ. ಆಗ ಹೆಣ್ಣಿನಲ್ಲಿ ಈಸ್ಟ್ರಡಿಯಾಲ್ ಇಳಿಯುತ್ತದೆ, ಯಕೃತ್ತು ವೈಟೆಲೊಜೆನಿನ್ ಕಡಿಮೆ ಮಾಡುತ್ತದೆ, ಹಳದಿ ತುಂಬದ ಮೊಟ್ಟೆ ಬಲಿಯುವುದಿಲ್ಲ, ಇಡುವ ಮೊಟ್ಟೆಯ ಸಂಖ್ಯೆ ಕುಗ್ಗುತ್ತದೆ, ಕೆಲವು ವರ್ಷದಲ್ಲಿ ಕೆರೆಯ ಮೀನು ಕಡಿಮೆಯಾಗುತ್ತದೆ. ಇದರ ಒಂದೊಂದು ಕೊಂಡಿಯನ್ನೂ ವಿಜ್ಞಾನಿಗಳು ಅಳೆದಿದ್ದಾರೆ. ಹಾಗಾಗಿ ಮೊದಲ ಕೊಂಡಿಯಲ್ಲಿ, ತಟ್ಟೆಯ ಕೋಶದಲ್ಲಿ, ಕಂಡ ಏಟಿನಿಂದ ಕೊನೆಯ ಕೊಂಡಿಯನ್ನು ಅಂದಾಜಿಸುವುದು ಸಾಧ್ಯವಾಗುತ್ತಿದೆ. ನನ್ನ ಮಟ್ಟಿಗೆ ಈ 20 ವರ್ಷಗಳಲ್ಲಿ ನಮ್ಮ ವಿಷಯದಲ್ಲಿ ಆದ ಅತಿ ದೊಡ್ಡ ಕೆಲಸ ಇದು.

ಹಾಗಿದ್ದರೆ ಮೀನು ಯಾಕೆ ಬೇಕು ಎನ್ನುತ್ತೀರಿ. ತಟ್ಟೆಯ ಕೋಶಕ್ಕೆ ಯಕೃತ್ತಿಲ್ಲ, ಮೆದುಳಿಲ್ಲ. ಮೆಥಾಕ್ಸಿಕ್ಲೋರ್ ಎಂಬ ಹಳೆಯ ಕೀಟನಾಶಕ ತಾನೇ ತಾನಾಗಿ ಈಸ್ಟ್ರೋಜನ್ ರಿಸೆಪ್ಟರನ್ನು ಅಷ್ಟಾಗಿ ಮುಟ್ಟುವುದಿಲ್ಲ. ಯಕೃತ್ತು ಅದನ್ನು ಒಡೆದು ಹೊರಹಾಕಲು ಹೋದಾಗ ಹುಟ್ಟುವ ವಸ್ತು ಮಾತ್ರ ಜೋರಾಗಿ ಮುಟ್ಟುತ್ತದೆ. ಒಡೆಯುವ ಕಿಣ್ವವಿಲ್ಲದ ಕೋಶದಲ್ಲಿ ನೋಡಿದವರು ಮೋಸ ಹೋಗುತ್ತಾರೆ. ಇನ್ನು ಮೆದುಳಿನ ವಿಷಯ. ಅರೋಮಟೇಸ್ ಕಟ್ಟಿಹಾಕಿದ ಕೂಡಲೇ ಹಾರ್ಮೋನು ಇಳಿದ ಸುದ್ದಿ ಮೆದುಳಿಗೆ ಮುಟ್ಟುತ್ತದೆ, ಅದು ಅಂಡಾಶಯಕ್ಕೆ ಇನ್ನಷ್ಟು ಕಿಣ್ವ ತಯಾರಿಸಲು ಹೇಳಿ ಕೊರತೆ ತುಂಬಿಸಲು ನೋಡುತ್ತದೆ. ಕೆಲವು ಮೀನುಗಳು ಹೀಗೆ ಸುಧಾರಿಸಿಕೊಳ್ಳುತ್ತವೆ, ಕೆಲವು ಸೋಲುತ್ತವೆ. ಎಲ್ಲಿಯವರೆಗೆ ಸುಧಾರಿಸಿಕೊಳ್ಳುತ್ತವೆ ಎಂಬುದು ಇಡೀ ಮೀನಿಗೆ ಮಾತ್ರ ಗೊತ್ತು. ಮತ್ತೆ ನಮ್ಮ ಶಂಖದ ಹುಳು ಇದೆಯಲ್ಲ, ಅದು ಕಲಿಸಿದ ಪಾಠ ಎಲ್ಲಕ್ಕಿಂತ ಕಹಿ. ತವರದ ಬಣ್ಣವೂ ಅರೋಮಟೇಸನ್ನೇ ಕೆಡಿಸುತ್ತದೆ ಎಂದು ಬಹಳ ವರ್ಷ ನಂಬಿದ್ದೆವು. 2004ರಲ್ಲಿ ಜಪಾನಿನ ವಿಜ್ಞಾನಿಗಳು ಅದು ರೆಟಿನಾಯ್ಡ್ ಎಕ್ಸ್ ರಿಸೆಪ್ಟರ್ ಎಂಬ ಬೇರೆಯೇ ಬಾಗಿಲನ್ನು ತಟ್ಟುತ್ತದೆ ಎಂದು ತೋರಿಸಿದರು. ಆ ಬಾಗಿಲು ಇದೆ ಎಂದೇ ತಿಳಿಯದವರು ಅದಕ್ಕೊಂದು ಕೋಶಪರೀಕ್ಷೆಯನ್ನು ಹೇಗೆ ಕಟ್ಟಿಯಾರು? ಗೊತ್ತಿರುವ ಕೇಡನ್ನು ಕೋಶ ಚೆನ್ನಾಗಿ ಹಿಡಿಯುತ್ತದೆ. ಗೊತ್ತಿಲ್ಲದ ಕೇಡನ್ನು ಇಡೀ ಜೀವಿ ಮಾತ್ರ ತೋರಿಸಬಲ್ಲದು. ಆದ್ದರಿಂದ ನಾಳೆಯೇ ಎಲ್ಲ ಪ್ರಾಣಿಪರೀಕ್ಷೆ ನಿಲ್ಲಿಸಿ ಎಂದು ನಾನು ಹೇಳಲಾರೆ.

ಇವೆರಡರ ನಡುವೆ ಒಂದು ಒಳ್ಳೆಯ ದಾರಿ ತೆರೆದಿದೆ. ಝೀಬ್ರಾ ಮೀನಿನ ಮರಿ, ಮೊಟ್ಟೆ ಫಲಗೊಂಡಾಗಿನಿಂದ ಸುಮಾರು 5 ದಿನದವರೆಗೆ, ಹೊಟ್ಟೆಗಂಟಿದ ಹಳದಿಯನ್ನೇ ಉಣ್ಣುತ್ತದೆ. ತಾನೇ ಆಹಾರ ಹುಡುಕಿ ತಿನ್ನತೊಡಗಿದ ಮೇಲೆ ಮಾತ್ರ ಯುರೋಪಿನ 2010ರ ಕಾನೂನು ಅದನ್ನು ಪ್ರಯೋಗಪ್ರಾಣಿ ಎಂದು ಎಣಿಸುತ್ತದೆ. (ಝೀಬ್ರಾ ಮೀನು ನಮ್ಮದೇ ನೆಲದ್ದು, ಗಂಗೆಯ ಬಯಲಿನ ಗದ್ದೆಗಾಲುವೆಗಳಲ್ಲೂ ಪಶ್ಚಿಮ ಘಟ್ಟದ ಹಳ್ಳಗಳಲ್ಲೂ ಇರುವ ಪಟ್ಟೆಪಟ್ಟೆಯ ಪುಟ್ಟ ಮೀನು. ಜಗತ್ತಿನ ಪ್ರಯೋಗಾಲಯಗಳೆಲ್ಲ ಇದರ ಋಣದಲ್ಲಿವೆ.) 2021ರಲ್ಲಿ ಒಪ್ಪಿಗೆ ಪಡೆದ ಒಂದು ಪರೀಕ್ಷೆಯಲ್ಲಿ, ಈಸ್ಟ್ರೋಜನ್ನಿನಂಥ ವಸ್ತು ತಗಲಿದರೆ ಮೆದುಳಿನಲ್ಲಿ ಹಸಿರು ಬೆಳಕು ಮೂಡುವಂತೆ ಮಾರ್ಪಡಿಸಿದ ಝೀಬ್ರಾ ಭ್ರೂಣಗಳನ್ನು ನಾಲ್ಕು ದಿನ ರಾಸಾಯನಿಕದಲ್ಲಿಟ್ಟು ಬೆಳಕನ್ನು ಅಳೆಯುತ್ತಾರೆ. ಈ ಭ್ರೂಣಕ್ಕೆ ಯಕೃತ್ತೂ ಇದೆ, ಮೆದುಳೂ ಇದೆ. ಗಂಡಿನ ಹಾರ್ಮೋನಿಗೆ ಇಂಥದೇ ಒಂದು ಪರೀಕ್ಷೆ ಮೆಡಾಕಾ ಮೀನಿನ ಭ್ರೂಣದಲ್ಲಿ 2022ರಲ್ಲಿ ಬಂತು.

ಐದನೆಯ ದಿನದ ಗೆರೆ ಕಾನೂನು ಎಳೆದದ್ದು, ಪ್ರಕೃತಿ ಎಳೆದದ್ದಲ್ಲ ಎಂದು ನಿಮ್ಮ ಮಗಳು ವಾದಿಸಬಹುದು. ಅವಳ ಮಾತು ಸರಿ. ಐದನೆಯ ದಿನದ ಮರಿಗೆ ಏನೂ ತಿಳಿಯುವುದಿಲ್ಲ ಎಂದು ನಾನು ಆಣೆ ಮಾಡಲಾರೆ. ಆದರೆ ಮೂರು ವಾರ ತೊಟ್ಟಿಯಲ್ಲಿ ಬಾಳಿ, ಜೋಡಿಯಾಗಿ, ಮೊಟ್ಟೆಯಿಟ್ಟ ಮೀನಿಗೂ ಆ ಮರಿಗೂ ವ್ಯತ್ಯಾಸವಿದೆ ಎಂದು ಮನಸ್ಸು ಹೇಳುತ್ತದೆ. ಆ ವ್ಯತ್ಯಾಸವನ್ನು ನಂಬಿಯೇ ನಾನು ಭ್ರೂಣಪರೀಕ್ಷೆಯ ಪರ ನಿಂತಿದ್ದೇನೆ.

ಕಪ್ಪೆಯ ಕಡೆ ನೋಡಿದರೆ ಉಳಿತಾಯ ಇನ್ನೂ ದೊಡ್ಡದು. ಗೊದಮೊಟ್ಟೆ ಬಾಲ ಕಳಚಿ ಕಾಲು ಮೂಡಿಸಿಕೊಂಡು ಕಪ್ಪೆಯಾಗುವುದು ಥೈರಾಯ್ಡ್ ಹಾರ್ಮೋನಿನಿಂದ. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿ, ಅವು ವೇಳೆಗೆ ಮುಂಚೆಯೇ ಪುಟಾಣಿ ಕಪ್ಪೆಗಳಾದದ್ದನ್ನು ಕಂಡರು. ಕುದುರೆಯ ಹಾರ್ಮೋನು ಕಪ್ಪೆಗೆ ಹೇಗೆ ನಡೆಯಿತು? ಕುದುರೆಗೂ ಕಪ್ಪೆಗೂ ನಿಮಗೂ ನನಗೂ ಇರುವುದು ಅದೇ ಅಣು. ಹಾಗಾಗಿ ಒಂದು ವಸ್ತು ಥೈರಾಯ್ಡ್ ಕೆಡಿಸುತ್ತದೆ ಎಂದು ಇಲಿಯಲ್ಲಿ ಆಗಲೇ ಗೊತ್ತಾಗಿದ್ದರೆ ಕಪ್ಪೆಯ ಬಗ್ಗೆಯೂ ನಮಗೆ ಅರ್ಧ ಗೊತ್ತಾದಂತೆ. ಸಾಮಾನ್ಯ ಗೊದಮೊಟ್ಟೆ ಪರೀಕ್ಷೆಗೆ 21 ದಿನ ಬೇಕು, ಕನಿಷ್ಠ 320 ಗೊದಮೊಟ್ಟೆ ಬೇಕು. 2019ರಲ್ಲಿ ಬಂದ ಹೊಸ ಪರೀಕ್ಷೆ, ಇನ್ನೂ ಹಳದಿಯನ್ನೇ ಉಣ್ಣುವ ಎಳೆಯ ಮರಿಗಳಲ್ಲಿ, 72 ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲೂ ಹಸಿರು ಬೆಳಕೇ ಸಾಕ್ಷಿ. ಇದಕ್ಕೊಂದು ಕುರುಡಿದೆ: ಆ ವಯಸ್ಸಿಗೆ ಮರಿಯ ಥೈರಾಯ್ಡ್ ಗ್ರಂಥಿ ಇನ್ನೂ ಪೂರ್ತಿ ಕೆಲಸ ಆರಂಭಿಸಿರುವುದಿಲ್ಲ, ಹಾಗಾಗಿ ಗ್ರಂಥಿಯಲ್ಲಿ ಹಾರ್ಮೋನು ತಯಾರಾಗುವುದನ್ನೇ ತಡೆಯುವ ವಸ್ತು ತಪ್ಪಿಸಿಕೊಳ್ಳಬಹುದು. ಆ ಕುರುಡನ್ನು ತುಂಬಲು ಪಕ್ಕದಲ್ಲಿ ಒಂದು ಕಿಣ್ವದ ಪರೀಕ್ಷೆ ಇಟ್ಟುಕೊಳ್ಳಬೇಕು. ಗೋವೆಯಲ್ಲಿ ಮೊದಲ ಮಳೆಗೆ ಗದ್ದೆಯ ಗೂಳಿಕಪ್ಪೆಗಳು ಕೂಗುವಾಗ ನನಗೆ ಇದೆಲ್ಲ ನೆನಪಾಗುತ್ತದೆ. ಕಾಲಿಗಾಗಿ ಅವನ್ನು ಹಿಡಿದು ಹೊರದೇಶಕ್ಕೆ ಕಳಿಸುವುದನ್ನು ನಮ್ಮ ಸರ್ಕಾರ 1987ರಲ್ಲಿ ನಿಲ್ಲಿಸಿತು. ಗದ್ದೆಯ ನೀರಿಗೆ ಔಷಧಿ ಇಳಿಯುವುದನ್ನು ಅಷ್ಟು ಸುಲಭವಾಗಿ ನಿಲ್ಲಿಸಲಾಗದು.

ಹಾಗಾದರೆ ಪ್ರಾಣಿಗಳನ್ನು ಉಳಿಸುವುದು ಯಾವುದು? ಪ್ರಶ್ನೆಗಳನ್ನು ಕೇಳುವ ಕ್ರಮ ಎಂಬುದು ನನ್ನ ಅನುಭವ. ಮೊದಲು ಈಗಾಗಲೇ ಇರುವ ಮಾಹಿತಿ, ಆಮೇಲೆ ಕಂಪ್ಯೂಟರು, ಆಮೇಲೆ ಕೋಶ, ಆಮೇಲೆ ಭ್ರೂಣ, ಇಷ್ಟಾದ ಮೇಲೂ ಉತ್ತರ ಸಿಗದೆ ಉಳಿದ ಪ್ರಶ್ನೆಗೆ ಮಾತ್ರ ಬೆಳೆದ ಮೀನು. ಈ ಕ್ರಮ ಕಾಗದದಲ್ಲಿ ಎಲ್ಲರಿಗೂ ಒಪ್ಪಿಗೆ. ಆದರೆ "ಯಾವುದಕ್ಕೂ ಇರಲಿ, ಎಲ್ಲವನ್ನೂ ಮಾಡಿಸಿಬಿಡಿ" ಎನ್ನುವ ಕಂಪನಿಗಳನ್ನೂ ಸಲಹೆಗಾರರನ್ನೂ ನಾನು ಕಂಡಿದ್ದೇನೆ. ಒಂದು ವಸ್ತು ಹಾರ್ಮೋನು ಕೆಡಿಸುತ್ತದೆ ಎಂದು ಸಾಬೀತಾಗಿ ಅದನ್ನು ತಡೆಯುವ ತೀರ್ಮಾನ ಆಗಲೇ ಆಗಿರುವಾಗ ಇನ್ನೊಂದು ಜಾತಿಯ ಪ್ರಾಣಿಯಲ್ಲೂ ಅದನ್ನೇ ತೋರಿಸುವುದು ಕಡತ ದಪ್ಪ ಮಾಡುವ ಕೆಲಸ, ವಿಜ್ಞಾನವಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ, ಪರಿಸರದ ಜೀವಿಗಳ ಹಾರ್ಮೋನು ಕೆಡಿಸುವ ವಸ್ತುಗಳಿಗೆಂದೇ ಹೊಸ ಅಪಾಯ ವರ್ಗ ಮಾಡಿತು. ನಾನು ಅದನ್ನು ಸ್ವಾಗತಿಸಿದೆ. ಅಲ್ಲಿಗೆ ಸರಕು ಕಳಿಸುವವರು ಪರೀಕ್ಷೆಗಾಗಿ ಪುಣೆ, ಮುಂಬಯಿಯ ಪರೀಕ್ಷಾಲಯಗಳ ಬಾಗಿಲಿಗೆ ಇನ್ನೂ ಹೆಚ್ಚು ಬರುತ್ತಾರೆ ಎಂಬ ಚಿಂತೆಯೂ ಅದೇ ದಿನ ಹತ್ತಿತು.

ಹಾಗೆ ಬಂದಾಗ ನಿಮ್ಮ ಮಗಳಂಥವರು ಅಲ್ಲಿ ಇರಬೇಕು. ಕೆಲಸ ಬಿಡಿಸಬೇಡಿ. ಅವಳು ಬಿಟ್ಟರೆ ಆ ತೊಟ್ಟಿಗಳು ಖಾಲಿಯಾಗುವುದಿಲ್ಲ, ಊಟ ಬಿಡದವರೊಬ್ಬರು ಬಂದು ಅಲ್ಲಿ ನಿಲ್ಲುತ್ತಾರೆ, ಅಷ್ಟೇ.

ಅವಳ ಕೈಯಲ್ಲಿ ಏನಿದೆ ಎಂದು ಕೇಳಿದರೆ ಬಹಳ ಇದೆ. ಮೊದಲನೆಯದು ದ್ರಾವಕ. ನೀರಿನಲ್ಲಿ ಕರಗದ ಔಷಧಿಯನ್ನು ಕರಗಿಸಲು ಅಭ್ಯಾಸಬಲದಿಂದ ಒಂದು ದ್ರಾವಕ ಬೆರೆಸುತ್ತಾರೆ. ಬೆರೆಸಿದರೆ ಬರಿಯ ನೀರಿನ ಗುಂಪಿನ ಜೊತೆಗೆ ಬರಿಯ ದ್ರಾವಕದ ಗುಂಪೂ ಬೇಕಾಗುತ್ತದೆ. 24 ಮೀನು ಹೆಚ್ಚು, 96 ಹೋಗಿ 120 ಆಗುತ್ತದೆ. ಗಾಜಿನ ಉಣ್ಣೆಗೆ ರಾಸಾಯನಿಕವನ್ನು ಲೇಪಿಸಿ ಅದರ ಮೂಲಕ ನೀರು ಹಾಯಿಸಿ ಕರಗಿಸುವ ಹಳೆಯ ಉಪಾಯವಿದೆ. ಕೆಲಸ ಹೆಚ್ಚು, ಆದರೆ ಆ 24 ಜೀವ ಉಳಿಯುತ್ತದೆ. ದ್ರಾವಕ ಬೇಡವಾದರೆ ಒಳ್ಳೆಯದು ಎಂದು ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ, ಆದ್ದರಿಂದ ಮೇಲಧಿಕಾರಿಯ ಮುಂದೆ ಅವಳು ಹಿಂಜರಿಯಬೇಕಿಲ್ಲ.

ಎರಡನೆಯದು ಪ್ರಮಾಣ. ಅತಿ ಹೆಚ್ಚು ಪ್ರಮಾಣ ಹಾಕಿದರೆ ಮೀನು ಸುಮ್ಮನೆ ಕಾಯಿಲೆ ಬೀಳುತ್ತದೆ. ಯಕೃತ್ತು ಕೆಟ್ಟ ಹೆಣ್ಣು ಮೀನಿನಲ್ಲಿ ವೈಟೆಲೊಜೆನಿನ್ ತಾನಾಗಿ ಇಳಿಯುತ್ತದೆ, ನೋಡಿದವರು ಹಾರ್ಮೋನು ಕೆಟ್ಟಿತು ಎಂದು ಬರೆಯುತ್ತಾರೆ, ಮತ್ತೆ ಪರೀಕ್ಷೆ, ಮತ್ತೆ 96. ಮೂರನೆಯದು ಎಚ್ಚರ. ನಾನು ಹೊಸಬಳಾಗಿದ್ದಾಗ ಒಂದು ಪ್ರಯೋಗಾಲಯದಲ್ಲಿ 17ನೆಯ ದಿನ ರಾತ್ರಿ ಕರೆಂಟು ಹೋಗಿ, ಜನರೇಟರಿಗೆ ಡೀಸೆಲ್ ತುಂಬಿಸಿರದೆ, ನೀರಿನ ಉಷ್ಣತೆ ಮಿತಿ ಮೀರಿತು. ಬೆಳಿಗ್ಗೆ ಮೀನುಗಳೆಲ್ಲ ಬದುಕೇ ಇದ್ದವು, ಆದರೆ ಪರೀಕ್ಷೆ ಅಸಿಂಧುವಾಯಿತು. ಅಷ್ಟನ್ನೂ ಕೊಂದು ಹೊಸದಾಗಿ ಆರಂಭಿಸಿದೆವು. ಅವುಗಳ ಸಾವಿನಿಂದ ಒಂದು ಸಾಲಿನ ತಿಳಿವಳಿಕೆಯೂ ಹುಟ್ಟಲಿಲ್ಲ. ಆ ಬೆಳಿಗ್ಗೆಯನ್ನು ಈಗಲೂ ಮರೆತಿಲ್ಲ. ಡೀಸೆಲ್ ಡಬ್ಬಿ ನೋಡುವುದೂ ಪ್ರಾಣಿದಯೆಯೇ ಎಂದು ಆಮೇಲೆ ಬಂದ ಹುಡುಗರಿಗೆಲ್ಲ ಹೇಳಿಕೊಟ್ಟೆ.

ಅಚ್ಚುಕಟ್ಟಾಗಿ ಮಾಡಿದ ಪರೀಕ್ಷೆಗೆ ಇನ್ನೊಂದು ಬಲವಿದೆ. 2011ರಿಂದ ಭಾರತ ಪರಸ್ಪರ ದತ್ತಾಂಶ ಸ್ವೀಕಾರದ ಅಂತಾರಾಷ್ಟ್ರೀಯ ಒಪ್ಪಂದದ ಪೂರ್ಣ ಪಾಲುದಾರ. ಅದರ ನಿಯಮದಂತೆ ಪುಣೆಯಲ್ಲಿ ಸರಿಯಾಗಿ ಮಾಡಿದ ಪರೀಕ್ಷೆಯನ್ನು ಯುರೋಪೋ ಜಪಾನೋ ಮತ್ತೆ ಮಾಡಿಸುವಂತಿಲ್ಲ. ಅವಳು ಕೂದಲು ಸೀಳಿದಂತೆ ಬರೆದಿಡುವ ಒಂದೊಂದು ತೊಟ್ಟಿಯ ದಾಖಲೆಯೂ ಇನ್ನೊಂದು ದೇಶದ ತೊಟ್ಟಿಯ ಮೀನನ್ನು ಉಳಿಸುತ್ತದೆ. ಒಂದೇ ಮೀನಿನಿಂದ ಎಷ್ಟು ಸಾಧ್ಯವೋ ಅಷ್ಟು ತಿಳಿದುಕೊಳ್ಳಲಿ: ರಕ್ತದ ಜೊತೆ ಯಕೃತ್ತು, ಮೆದುಳಿನ ಚೂರುಗಳನ್ನೂ ಹೆಪ್ಪುಗಟ್ಟಿಸಿ ಇಟ್ಟರೆ ಮುಂದೆ ಹೊಸ ಪ್ರಶ್ನೆ ಎದ್ದಾಗ ಹೊಸ ಮೀನು ಬೇಕಾಗದೆ ಇರಬಹುದು.

ಇನ್ನು ಆ ಕೊನೆಯ ದಿನ. ಅರಿವು ತಪ್ಪಿಸಲು ಬಳಸುವ ಟ್ರೈಕೇನ್ ಎಂಬ ಬಿಳಿ ಪುಡಿ ನೀರನ್ನು ಹುಳಿಯಾಗಿಸುತ್ತದೆ. ಸೋಡಿಯಂ ಬೈಕಾರ್ಬನೇಟ್ ಬೆರೆಸಿ ಸಮಕ್ಕೆ ತರದಿದ್ದರೆ ಮೀನಿಗೆ ಕಿವಿರು ಉರಿದು ಒದ್ದಾಡುತ್ತದೆ. ಅವಸರದಲ್ಲಿ ಇದನ್ನು ಬಿಟ್ಟವರನ್ನು ಕಂಡಿದ್ದೇನೆ. ಮೊದಲ ಮೀನು ಹಾಕುವ ಮುಂಚೆ ನೀರಿನ ಪಿಎಚ್ ಅಳೆಯುವ ಕೆಲಸವನ್ನು ಅವಳು ತನ್ನದೆಂದು ಹಿಡಿದುಕೊಳ್ಳಲಿ, ಯಾರು ಏನೇ ಅಂದರೂ ಬಿಡದಿರಲಿ. ಮುಂದಿನ ಪರೀಕ್ಷೆಯ ಯೋಜನೆ ಕೈಗೆ ಬಂದಾಗ ಗುಂಪು ಎಷ್ಟು, ತೊಟ್ಟಿ ಎಷ್ಟು, ದ್ರಾವಕ ಇದೆಯೇ ಎಂಬಷ್ಟನ್ನು ನನಗೆ ಬರೆಯಲು ಹೇಳಿ. ಕಂಪನಿಯ ಹೆಸರು, ಔಷಧಿಯ ಹೆಸರು ಬೇಡ. ಎಲ್ಲಿ ಕಡಿಮೆ ಮಾಡಬಹುದು ಎಂದು ಅವಳ ಜೊತೆ ಕೂತು ಲೆಕ್ಕ ಹಾಕುತ್ತೇನೆ.